ಮರ ಕೊಟ್ಟ ಹೆಸರು

ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರಿಗೆ ಹೋದ ವರ್ಷ ಇದ್ದಕ್ಕಿದ್ದಂತೆ ಒಂದು ಹುಮ್ಮಸ್ಸು ಬಂದು, ಆವರಣದ ಮರಗಳಿಗೆಲ್ಲ ಹೆಸರಿನ ತಗಡು ಕಟ್ಟಿಸಿಬಿಟ್ಟರು. ಅದುವರೆಗೆ ನಮ್ಮ ಪಾಲಿಗೆ ಬರಿಯ ಮಾವು, ತೇಗ, ಆಲ ಆಗಿದ್ದವು ಬೆಳಗಾಗುವುದರೊಳಗೆ ಲ್ಯಾಟಿನ್ ಹೆಸರು ಧರಿಸಿ, ಪದವಿ ಪ್ರದಾನಕ್ಕೆ ಹೊರಟ ವಿದ್ವಾಂಸರ ಠೀವಿಯಲ್ಲಿ ನಿಂತುಬಿಟ್ಟವು. ಬರೆದದ್ದನ್ನು ಕಂಡರೆ ಓದದೆ ಬಿಡುವುದಿಲ್ಲ, ಓದಿದ ಮೇಲೆ ತಪ್ಪು ಹುಡುಕದೆ ಇರುವುದಿಲ್ಲ. ಕನ್ನಡ ಮೇಷ್ಟರ ಜಾತಿಯೇ ಅಂಥದು. ಮಾವಿನ ಮರದ ಮೇಲೆ ‘ಮ್ಯಾಂಜಿಫೆರ ಇಂಡಿಕ ಎಲ್.’ ಎಂದಿತ್ತು. ಸಸ್ಯಶಾಸ್ತ್ರದ ಮಿತ್ರರು ಕಾಫಿಗೆ ಸಿಕ್ಕಾಗ ಕೇಳಿಯೇ ಬಿಟ್ಟೆ: “ಸ್ವಾಮಿ, ಇನಿಷಿಯಲ್ಲನ್ನು ಹೆಸರಿನ ಮುಂದೆ ಹಾಕುವುದು ನಮ್ಮ ಕಡೆಯ ವಾಡಿಕೆ. ನೀವು ಮರಕ್ಕೆ ಹಿಂದೆ ಹಾಕಿದ್ದೀರಲ್ಲ?”

ಮಿತ್ರರು ನಕ್ಕರು. “ಅದು ಮರದ ಇನಿಷಿಯಲ್ ಅಲ್ಲ ಮಹರಾಯರೆ, ಹೆಸರಿಟ್ಟವನದು. ಎಲ್ ಎಂದರೆ ಲಿನ್ನೇಯಸ್. ಬೇರೆಯವರು ಹೆಸರಿಟ್ಟರೆ ಅವರ ಹೆಸರಿನ ಒಂದಕ್ಕಿಂತ ಹೆಚ್ಚು ಅಕ್ಷರ ಬರೆಯಬೇಕು. ಒಂದೇ ಅಕ್ಷರದಲ್ಲಿ ಮುಗಿಯುವ ಭಾಗ್ಯ ಅವನೊಬ್ಬನದು.”

“ಹಾಗಾದರೆ ತೇಗಕ್ಕೆ ಎರಡು ಅಕ್ಷರ ಇದೆಯಲ್ಲ, ‘ಟೆಕ್ಟೋನ ಗ್ರಾಂಡಿಸ್ ಎಲ್.ಎಫ್.’ ಅಂತ?”

“ಅದು ಮಗ. ಎಫ್ ಎಂದರೆ ಫೀಲಿಯಸ್. ಲ್ಯಾಟಿನ್ನಿನಲ್ಲಿ ಮಗ ಎಂದರ್ಥ.”

ಅಪ್ಪನದು ಮಾವು, ಮಗನದು ತೇಗ. ಈ ವಿಷಯ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಅದೇ ವಾರ ನಮ್ಮ ಮನೆಯಲ್ಲಿ ಹೆಸರಿನದೇ ಒಂದು ಪೇಚು ಎದ್ದಿತು. ಪಿ.ಯು.ಸಿ. ಮುಗಿಸಿದ ನನ್ನ ಮಗಳು ಯಾವುದೋ ವಿದ್ಯಾಸಂಸ್ಥೆಗೆ ಅರ್ಜಿ ತುಂಬುತ್ತಿದ್ದಳು. ಕಂಪ್ಯೂಟರಿನಲ್ಲಿ ‘ಸರ್‌ನೇಮ್’ ಎಂಬ ಚೌಕದ ಪಕ್ಕದಲ್ಲಿ ಒಂದು ಕೆಂಪು ಚುಕ್ಕಿ. ಅದನ್ನು ತುಂಬದ ಹೊರತು ಯಂತ್ರ ಮುಂದಿನ ಪುಟಕ್ಕೆ ಹೋಗಲೊಲ್ಲದು. ನನ್ನ ಹೆಸರಿನ ಮುಂದೆ ಎರಡಕ್ಷರ ಇವೆ: ಒಂದು ಊರಿನದು, ಒಂದು ತಂದೆಯದು. ಅವಳ ಹೆಸರಿನ ಹಿಂದೆ ಒಂದೇ ಅಕ್ಷರ, ನನ್ನದು. ಮನೆತನದ ಹೆಸರೆಂಬುದು ನಮ್ಮ ಕಾಗದಪತ್ರಗಳಲ್ಲಿ ಎಲ್ಲಿಯೂ ಇಲ್ಲ. “ಅಪ್ಪ, ನಮ್ಮ ಸರ್‌ನೇಮ್ ಏನು?” ಎಂದು ಅವಳು ಕೇಳಿದಾಗ, ಇಪ್ಪತ್ತು ವರ್ಷ ಶಬ್ದಗಳ ವ್ಯುತ್ಪತ್ತಿ ಹೇಳಿ ಸಂಬಳ ತೆಗೆದುಕೊಂಡ ನಾನು ತಬ್ಬಿಬ್ಬಾದೆ.

ಉತ್ತರ ತೋಚದಿದ್ದಾಗ ಪುಸ್ತಕಕ್ಕೆ ಶರಣು ಹೋಗುವುದು ನಮ್ಮವರ ಹಳೆಯ ಉಪಾಯ. ಆ ರಾತ್ರಿ ಅರ್ಜಿಯನ್ನು ಹಾಗೆಯೇ ಬಿಟ್ಟು, ಮಿತ್ರರಿಂದ ತಂದ ಲಿನ್ನೇಯಸನ ಚರಿತ್ರೆ ತೆರೆದೆ. ತೆರೆದರೆ ಅಲ್ಲಿಯೂ ಇದೇ ಪೇಚು!

ಕಾರ್ಲ್ ಲಿನ್ನೇಯಸ್ ಹುಟ್ಟಿದ್ದು 1707ರಲ್ಲಿ, ಸ್ವೀಡನ್ನಿನ ದಕ್ಷಿಣಕ್ಕೆ ಸ್ಮೋಲಂಡ್ ಎಂಬ ಸೀಮೆಯಲ್ಲಿ. ಅವನ ಮುತ್ತಜ್ಜ ಬೆಂಗ್ಟ್. ಅಜ್ಜ ಇಂಗೆಮಾರ್, ಬೆಂಗ್ಟನ ಮಗನಾದ್ದರಿಂದ ಇಂಗೆಮಾರ್ ಬೆಂಗ್ಟ್‌ಸನ್. ತಂದೆ ನಿಲ್ಸ್, ಇಂಗೆಮಾರನ ಮಗನಾದ್ದರಿಂದ ನಿಲ್ಸ್ ಇಂಗೆಮಾರ್‌ಸನ್. ತಲೆಮಾರು ಬದಲಾದಂತೆ ಹಿಂದಿನ ಹೆಸರೂ ಬದಲಾಗುತ್ತ ಹೋಗುತ್ತದೆ. ಮಗನಿಗೆ ‘ಸನ್’, ಮಗಳಿಗೆ ‘ಡಾಟರ್’. ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳ ರೈತಾಪಿ ಜನ ನೂರಾರು ವರ್ಷ ಹೀಗೆಯೇ ಬಾಳಿದರು. ಮನೆತನದ ಹೆಸರೆಂಬ ಗಂಟನ್ನು ಹೊರದೆ, ತಂದೆಯ ಹೆಸರೊಂದನ್ನು ಕೈಯಲ್ಲಿ ಹಿಡಿದು ನಡೆದರು. ಇದನ್ನು ಓದುವಾಗ ನನಗೆ ದೂರದ ನೆಂಟರನ್ನು ಕಂಡಂತಾಯಿತು. ನಮ್ಮ ಒಂಟಿ ಅಕ್ಷರದ ಇನಿಷಿಯಲ್ ಮಾಡುವ ಕೆಲಸವೂ ಇದೇ ತಾನೆ? ಅವರು ‘ಮಗ’ ಎಂಬ ಮಾತನ್ನು ಬಾಯಿಬಿಟ್ಟು ಹೇಳಿದರು, ನಾವು ಒಂದು ಚುಕ್ಕೆಯಲ್ಲಿ ನುಂಗಿಕೊಂಡೆವು.

ಐಸ್‌ಲೆಂಡಿನ ಜನ ಮಾತ್ರ ಇಂದಿಗೂ ಬಹುಮಟ್ಟಿಗೆ ಹೀಗೆಯೇ ಇದ್ದಾರೆ. 1980ರಿಂದ 1996ರವರೆಗೆ ಅಲ್ಲಿಯ ರಾಷ್ಟ್ರಾಧ್ಯಕ್ಷೆಯಾಗಿದ್ದವರು ವಿಗ್ದಿಸ್ ಫಿನ್‌ಬೋಗದೋತ್ತಿರ್. ಆ ಉದ್ದನೆಯ ಎರಡನೆಯ ಮಾತಿನ ಅರ್ಥ ಫಿನ್‌ಬೋಗಿಯ ಮಗಳು ಎಂದಷ್ಟೆ. ದೇಶದ ಅಧ್ಯಕ್ಷೆಯಾದರೂ ಅಪ್ಪನ ಮಗಳೇ.

ನಿಲ್ಸ್‌ನ ಕಥೆಗೆ ಬರುತ್ತೇನೆ. ಅವನು ಹೊಲಗದ್ದೆ ಬಿಟ್ಟು ಓದಿನ ದಾರಿ ಹಿಡಿದವನು. ಪಾದ್ರಿಯಾಗಬೇಕೆಂದು ಲುಂಡ್ ವಿಶ್ವವಿದ್ಯಾನಿಲಯಕ್ಕೆ ಸೇರಲು ಹೋದಾಗ ಅಲ್ಲಿ ಮನೆತನದ ಹೆಸರು ಬೇಕಾಯಿತು. ಇಂಗೆಮಾರನ ಮಗ ಎಂದರೆ ಊರಿನಲ್ಲಿ ಸಾಕು, ವಿಶ್ವವಿದ್ಯಾನಿಲಯದ ದಫ್ತರಿಗೆ ಸಾಲದು. ಅಲ್ಲಿ ಕಂಪ್ಯೂಟರೂ ಇರಲಿಲ್ಲ, ಕೆಂಪು ಚುಕ್ಕಿಯೂ ಇರಲಿಲ್ಲ. ಆದರೆ ದಫ್ತರು ದಫ್ತರೇ. ನಿಲ್ಸ್ ಏನು ಮಾಡಿದ? ತನ್ನವರ ಜಮೀನಿನಲ್ಲಿದ್ದ ಒಂದು ದೊಡ್ಡ ಮರವನ್ನು ನೆನೆದುಕೊಂಡ.

ಅದು ಲಿಂಡನ್ ಮರ. ಸ್ವೀಡನ್ನಿನವರ ಮಾತಿನಲ್ಲಿ ‘ಲಿಂಡ್’. ಸ್ಮೋಲಂಡಿನ ಹಳೆಯ ಆಡುನುಡಿಯಲ್ಲಿ ‘ಲಿನ್ನ್’. ಆ ‘ಲಿನ್ನ್’ ಎಂಬುದಕ್ಕೆ ಲ್ಯಾಟಿನ್ ಬಾಲ ಹಚ್ಚಿದರೆ ಲಿನ್ನೇಯಸ್. ನಮ್ಮ ನೆಲದಲ್ಲಿ ಬೆಳೆಯುವ ಮರವಲ್ಲ ಅದು. ಎಲೆ ಹೃದಯದ ಆಕಾರದ್ದು, ಬೇಸಗೆಯಲ್ಲಿ ಸಣ್ಣ ಹೂ ಬಿಟ್ಟು ಘಮಘಮಿಸುತ್ತದೆ, ಜೇನುಹುಳು ಮುತ್ತಿಕೊಳ್ಳುತ್ತವೆ. ನಮ್ಮ ಕಾಡಿನ ತಡಸಲು ಮರವನ್ನು ನೋಡಿದವರು ಅದರ ಎಲೆಯನ್ನು ಒಂದಿಷ್ಟು ಊಹಿಸಿಕೊಳ್ಳಬಹುದು. ಏಕೆಂದರೆ ತಡಸಲಿನ ಶಾಸ್ತ್ರೀಯ ನಾಮ ‘ಗ್ರೂವಿಯ ಟಿಲಿಫೋಲಿಯ’, ಅಂದರೆ ಲಿಂಡನ್ನಿನಂಥ ಎಲೆಯುಳ್ಳದ್ದು. ಹಾಗೆಂದು ಹೆಸರಿಟ್ಟ ಮಾರ್ಟಿನ್ ವಾಲ್, ಲಿನ್ನೇಯಸನಲ್ಲಿ ಪಾಠ ಹೇಳಿಸಿಕೊಂಡವನು. ಗುರುವಿನ ಮನೆತನದ ಮರ ಹೀಗೆ ಒಂದು ಸುತ್ತು ಹಾಕಿ ನಮ್ಮ ಮಲೆನಾಡಿಗೂ ಬಂದು ಹೋಗಿದೆ.

ಮರದಿಂದ ಹೆಸರು ಪಡೆದವರಲ್ಲಿ ನಿಲ್ಸ್ ಮೊದಲಿಗನಲ್ಲ. ಅವನನ್ನು ಓದಿಸಿದ ಸೋದರಮಾವ ಆಗಲೇ ಟಿಲಿಯಾಂಡರ್ ಆಗಿದ್ದ. ಲಿಂಡನ್ನಿಗೆ ಲ್ಯಾಟಿನ್ನಿನಲ್ಲಿ ಟಿಲಿಯ. ಅದಕ್ಕೆ ಮನುಷ್ಯ ಎಂಬರ್ಥದ ಗ್ರೀಕ್ ಮಾತು ಸೇರಿಸಿ ಆತ ತನ್ನ ಹೆಸರು ಕಟ್ಟಿಕೊಂಡಿದ್ದ. ಬಳಗದ ಇನ್ನೊಂದು ಕವಲು ಲಿಂಡೇಲಿಯಸ್ ಎಂದು ಕರೆದುಕೊಂಡಿತು. ಒಂದೇ ಮರ, ಮೂರು ಮನೆತನ. ಆ ಮನೆತನಗಳು ಒಂದೊಂದಾಗಿ ಅಳಿದಂತೆ ಮರದ ಒಂದೊಂದು ಕವಲು ಒಣಗಿತೆಂದು ಜನ ಕಥೆ ಕಟ್ಟಿದ್ದಾರೆ. ಕಥೆ ನಿಜವೇ ಎಂದು ಕೇಳಬಾರದು. ಅದನ್ನು ನಂಬುವ ಮನಸ್ಸು ನಮ್ಮ ಹಳ್ಳಿಗಳಲ್ಲಿಯೂ ಇದೆ, ನನ್ನಲ್ಲಿಯೂ ಸ್ವಲ್ಪ ಇದೆ.

ಓದಿದವರೆಲ್ಲ ಲ್ಯಾಟಿನ್ ಬಾಲ ಹಚ್ಚಿಕೊಳ್ಳುವುದು ಆ ಕಾಲದ ಸ್ವೀಡನ್ನಿನ ಖಯಾಲಿ. ಜ್ವರ ಬಂದಾಗ ನಾವು ನೆನೆಯುವ ಸೆಲ್ಸಿಯಸ್ ಮಹಾಶಯನದೂ ಇದೇ ಕಥೆ. ಅವನ ಪೂರ್ವಿಕರ ನೆಲೆಯ ಹೆಸರು ಹ್ಯೋಗೆನ್, ಅಂದರೆ ದಿಣ್ಣೆ. ದಿಣ್ಣೆ ಎತ್ತರವಾದದ್ದು, ಎತ್ತರಕ್ಕೆ ಲ್ಯಾಟಿನ್ನಿನಲ್ಲಿ ಸೆಲ್ಸಸ್, ಆದ್ದರಿಂದ ಸೆಲ್ಸಿಯಸ್. ಜ್ವರಮಾಪಕದ ಮೇಲೆ ಕುಳಿತಿರುವುದು ಒಂದು ಹಳ್ಳಿಯ ದಿಣ್ಣೆ! ಹೆಂಗಸರಿಗೆ ಬಾಲದ ಲಿಂಗವೂ ಬದಲಾಗುತ್ತಿತ್ತು. ನಿಲ್ಸ್‌ನ ಮಾವ ಬ್ರೋಡೆರ್ಸೋನಿಯಸ್, ಹೆಂಡತಿ ಕ್ರಿಸ್ಟೀನ ಬ್ರೋಡೆರ್ಸೋನಿಯ. ಕಾರ್ಲ್‌ನ ಮಾವ ಮೊರೇಯಸ್, ಹೆಂಡತಿ ಸಾರಾ ಮೊರೇಯ. ಮದುವೆಯಾದ ಮೇಲೂ ಅವರು ತೌರಿನ ಹೆಸರನ್ನೇ ಇಟ್ಟುಕೊಂಡರು. ಗಂಡನ ಹೆಸರು ತಗುಲಿಸಿಕೊಳ್ಳುವ ಪದ್ಧತಿ ಅಲ್ಲಿಗೆ ಬಂದದ್ದು ಆಮೇಲೆ. ಹಳೆಯದೆಲ್ಲ ಹಿಂದುಳಿದದ್ದೆಂದು ನಂಬಿರುವ ನನ್ನ ವಿದ್ಯಾರ್ಥಿಗಳಿಗೆ ಇದನ್ನೊಮ್ಮೆ ಹೇಳಬೇಕೆಂದಿದ್ದೇನೆ.

ಸಿಪಾಯಿಗಳ ಪಾಡು ಇನ್ನೂ ಮೋಜಿನದು. ಒಂದೇ ದಳದಲ್ಲಿ ಹತ್ತು ಜನ ಆಂಡರ್‌ಸನ್ನರಿದ್ದರೆ ದಳಪತಿ ಯಾರನ್ನೆಂದು ಕೂಗಬೇಕು? ಸೇರಿದವನಿಗೆಲ್ಲ ಒಂದು ಚುಟುಕು ಹೆಸರು ಕೊಟ್ಟರು. ರಾಸ್ಕ್ ಎಂದರೆ ಚುರುಕಿನವನು, ಮೂಡಿಗ್ ಎಂದರೆ ಧೀರ, ಸ್ವೇರ್ಡ್ ಎಂದರೆ ಕತ್ತಿ. ಅವನು ಸತ್ತರೆ ಅವನಿದ್ದ ಗುಡಿಸಲಿಗೆ ಬಂದ ಹೊಸ ಸಿಪಾಯಿಗೆ ಎಷ್ಟೋ ವೇಳೆ ಅದೇ ಹೆಸರು. ಗುಡಿಸಲಿನ ಹೆಸರು ಗುಡಿಸಲಿನಲ್ಲಿಯೇ ಉಳಿಯಿತು, ರಕ್ತಸಂಬಂಧ ಇರಲಿ ಬಿಡಲಿ. ಕೊನೆಗೆ 1901ರ ಕಟ್ಟಳೆ ಬಂದು, ಪ್ರತಿ ಸಂಸಾರಕ್ಕೂ ಸ್ಥಿರವಾದ ಹೆಸರಿರಬೇಕೆಂದಿತು. ತಂದೆಯ ಹೆಸರು ಹಾಗೆಯೇ ಹೆಪ್ಪುಗಟ್ಟಿತು. ಅಲ್ಲಿಂದೀಚೆಗೆ ಆಂಡರ್‌ಸನ್ನನ ಮಗ, ಅವನ ತಂದೆಯ ಹೆಸರು ಏನೇ ಇರಲಿ, ಆಂಡರ್‌ಸನ್ನನೇ.

ನಿಲ್ಸ್ ಪಾದ್ರಿಯಾದ, ತೋಟ ಮಾಡಿದ. ಅಳುವ ಮಗುವಿನ ಕೈಗೆ ಹೂವು ಕೊಟ್ಟರೆ ಸುಮ್ಮನಾಗುತ್ತಿತ್ತಂತೆ. ಸ್ವಲ್ಪ ದೊಡ್ಡವನಾದ ಕಾರ್ಲ್ ಸಿಕ್ಕ ಸಿಕ್ಕ ಗಿಡದ ಹೆಸರು ಕೇಳುವನು, ಮರೆಯುವನು, ಮತ್ತೆ ಕೇಳುವನು. ಮರೆತರೆ ಮುಂದೆ ಒಂದು ಹೆಸರನ್ನೂ ಹೇಳುವುದಿಲ್ಲವೆಂದು ತಂದೆ ಗದರಿಸಿದ. ಆಮೇಲೆ ಹುಡುಗ ಮರೆಯಲಿಲ್ಲ. 1753ರಲ್ಲಿ ಅವನ ‘ಸ್ಪೀಷೀಸ್ ಪ್ಲಾಂಟಾರಮ್’ ಹೊರಬಂದಾಗ, ಆಗ ತಿಳಿದಿದ್ದ ಸುಮಾರು ಆರು ಸಾವಿರ ಸಸ್ಯಗಳಿಗೆ ಎರಡೆರಡು ಮಾತಿನ ಹೆಸರು ದೊರಕಿತ್ತು. ಆತ ಭಾರತವನ್ನು ಕಂಡವನಲ್ಲ. ಆದರೂ ನಮ್ಮ ಆಲ, ಅರಳಿ, ತೆಂಗು, ಅಡಕೆ, ಮೆಣಸು, ಶ್ರೀಗಂಧ ಎಲ್ಲದರ ಹಿಂದೆಯೂ ಆ ಒಂಟಿ ‘ಎಲ್’ ನಿಂತಿದೆ. ಕೇರಳದ ವೈದ್ಯರ ತಿಳಿವಳಿಕೆಯಿಂದ ಡಚ್ಚರು ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ ‘ಹೋರ್ಟಸ್ ಮಲಬಾರಿಕಸ್’ ಅವನ ಕೈಯಲ್ಲಿತ್ತು. ಮ್ಯಾಂಜಿಫೆರ ಎಂಬುದರ ಮೊದಲರ್ಧ ನಮ್ಮ ದಕ್ಷಿಣದ ‘ಮಾಂಗಾಯಿ’ಯೇ, ಪೋರ್ಚುಗೀಸರ ನಾಲಗೆಯ ಮೇಲೆ ಹಾದುಹೋಗಿ ಲ್ಯಾಟಿನ್ನಿಗೆ ಸೇರಿತು. ಉತ್ತರಾರ್ಧಕ್ಕೆ ಹೊರುವುದು ಎಂದರ್ಥ. ಮಾಂಗಾಯಿ ಹೊರುವ ಮರ! ಟೆಕ್ಟೋನದಲ್ಲಿಯೂ ನಮ್ಮ ತೇಗದ ಬಳಗದ ಮಾತೇ ಅಡಗಿದೆ. ಹೆಸರಿಟ್ಟವರು ಅವರೆಂದು ತಗಡು ಹೇಳುತ್ತದೆ. ಪೂರ್ತಿ ಹಾಗಲ್ಲವೆಂದು ಕನ್ನಡ ಮೇಷ್ಟರು ಒಂದು ಮಾತು ಸೇರಿಸಬಹುದು.

ದೊರೆ ಅವನಿಗೆ ಶ್ರೀಮಂತ ಪದವಿ ಕೊಟ್ಟಾಗ ಲಿನ್ನೇಯಸ್ ಹೋಗಿ ‘ಫಾನ್ ಲಿನ್ನೆ’ ಆಯಿತು. ಲ್ಯಾಟಿನ್ ಬಾಲ ಕಳಚಿತು, ಹಳ್ಳಿಯ ‘ಲಿನ್ನ್’ ಮತ್ತೆ ಕಾಣಿಸಿಕೊಂಡಿತು. 1778ರಲ್ಲಿ ಆತ ತೀರಿಕೊಂಡ. ಉಪ್ಸಾಲದಲ್ಲಿ ಅವನ ಪೀಠಕ್ಕೆ ಬಂದ ಮಗ, ಇನ್ನೊಬ್ಬ ಕಾರ್ಲ್, ತಂದೆಯ ಗ್ರಂಥಕ್ಕೆ ಪುರವಣಿ ಬರೆದ. ತೇಗಕ್ಕೆ ಹೆಸರಿಟ್ಟದ್ದು ಅದರಲ್ಲಿ. 1783ರಲ್ಲಿ, ನಲವತ್ತೆರಡನೆಯ ವಯಸ್ಸಿಗೆ, ಮದುವೆಯಿಲ್ಲದೆ ಅವನೂ ಹೋದ. ದಫ್ತರಿಗಾಗಿ ನಿಲ್ಸ್ ಹುಟ್ಟಿಸಿದ ಹೆಸರು ಹಿರಿಯ ಮಗನ ಕವಲಿನಲ್ಲಿ ಮೂರು ತಲೆಮಾರಿಗೆ ನಿಂತುಹೋಯಿತು. ಮರುವರ್ಷ ಸಾರಾ ಮೊರೇಯ, ಗಂಡನೂ ಮಗನೂ ಕೂಡಿಸಿದ್ದ ಒಣಗಿಡ, ಪುಸ್ತಕ, ಕಾಗದಗಳನ್ನೆಲ್ಲ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಂಗ್ಲಿಷ್ ತರುಣನಿಗೆ ಮಾರಿದಳು. ಅವು ಈಗಲೂ ಲಂಡನ್ನಿನ ಲಿನ್ನೇಯನ್ ಸೊಸೈಟಿಯಲ್ಲಿವೆ. ದೇಶದ ಆಸ್ತಿ ಪರದೇಶಕ್ಕೆ ಹೋಯಿತೆಂದು ಸ್ವೀಡನ್ನಿನವರು ಆಮೇಲೆ ಕೊರಗಿದರು. ನಾನು ಮಾತ್ರ ಆಕೆಯನ್ನು ದೂರಲಾರೆ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರು, ಖರ್ಚಿತ್ತು.

ಹೆಣ್ಣುಮಕ್ಕಳ ಮಾತು ಬಂದುದರಿಂದ ಒಂದು ಸಂಗತಿ. ಹಿರಿಯ ಮಗಳು ಎಲಿಸಬೆತ್ ಕ್ರಿಸ್ಟೀನ ಹತ್ತೊಂಬತ್ತರ ವಯಸ್ಸಿನಲ್ಲಿ, ಮುಸ್ಸಂಜೆಯ ಹೊತ್ತು ತೋಟದ ಒಂದು ಬಗೆಯ ಹೂವು ಮಿಂಚಿದಂತೆ ಕಾಣುವುದನ್ನು ಗಮನಿಸಿ ಬರೆದಳು. 1762ರಲ್ಲಿ ಅದು ಅಲ್ಲಿಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅಪ್ಪನಿಗೆ ‘ಎಲ್’, ಅಣ್ಣನಿಗೆ ‘ಎಲ್.ಎಫ್.’. ನಮ್ಮ ಕಾಲೇಜಿನ ಯಾವ ತಗಡಿನಲ್ಲಿಯೂ ಅವಳಿಗೊಂದು ಅಕ್ಷರವಿಲ್ಲ.

ಪುಸ್ತಕ ಮುಚ್ಚಿದಾಗ ರಾತ್ರಿ ಹನ್ನೊಂದಾಗಿತ್ತು. ಮಗಳು ಇನ್ನೂ ಎಚ್ಚರವಾಗಿದ್ದಳು. ನಾನು ಓದಿದ್ದನ್ನೆಲ್ಲ ಹೇಳಿದೆ. ಕೇಳಿ, “ಹಾಗಾದರೆ ನಮ್ಮದೂ ಒಂದು ಮರ ಇರಬೇಕಿತ್ತು, ಅಪ್ಪ” ಎಂದಳು.

ಇತ್ತು. ಅದನ್ನೇ ನಾನು ಇಷ್ಟು ಹೊತ್ತು ಹೇಳದೆ ಸ್ವೀಡನ್ನಿನಲ್ಲಿ ಸುತ್ತುತ್ತಿದ್ದದ್ದು.

ನಮ್ಮ ಊರಿನಲ್ಲಿ ನಮ್ಮನ್ನು ‘ಮಾವಿನಮರದವರು’ ಎನ್ನುತ್ತಾರೆ. ಮನೆಯ ಮುಂದೆ, ರಸ್ತೆಗೆ ಅರ್ಧ ಚಾಚಿಕೊಂಡು, ಒಂದು ಹಳೆಯ ಮರವಿತ್ತು. ಜಾತಿಯ ಮಾವಲ್ಲ, ನಾರು ಹೆಚ್ಚು, ಹುಳಿ ವಿಪರೀತ, ಉಪ್ಪಿನಕಾಯಿಗೆ ಮಾತ್ರ ಅದರಂಥದು ಇನ್ನೊಂದಿಲ್ಲ. ನಮ್ಮ ಅಜ್ಜ ಮಾವಿನಮರದ ಯಜಮಾನರು, ಅಜ್ಜಿ ಮಾವಿನಮರದ ಅಮ್ಮ, ನಾನು ಮಾವಿನಮರದವರ ಕಿರಿಯ ಹುಡುಗ. ಶಾಲೆಗೆ ಸೇರಿಸಿದಾಗ ಮೇಷ್ಟರು ಊರು ಕೇಳಿದರು, ತಂದೆಯ ಹೆಸರು ಕೇಳಿದರು, ಮರವನ್ನು ಕೇಳಲಿಲ್ಲ. ಹೀಗಾಗಿ ಅದು ಕಾಗದಕ್ಕೆ ಬರಲಿಲ್ಲ.

ತಂದೆ ಹೋದ ಮೇಲೆ ನಾವು ಅಣ್ಣತಮ್ಮಂದಿರು ಮೂವರೂ ಪಾಲು ಮಾಡಿಕೊಂಡೆವು. ಮನೆಯ ಗೋಡೆಗೆ ಬೇರು ನುಗ್ಗಿದೆ, ಮರ ಮೂರು ಪಾಲಿಗೂ ಅಡ್ಡ ಬರುತ್ತದೆ ಎಂದು ದೊಡ್ಡಣ್ಣ ಹೇಳಿದ. ನಡುವಿನವನು ತಲೆಯಾಡಿಸಿದ. ನಾನು ಊರಿಗೆ ವರ್ಷಕ್ಕೊಮ್ಮೆ ಹೋಗುವವನು. ನನ್ನ ಮಾತೇನು ನಡೆಯುತ್ತದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಬೇಡ ಎಂದಿದ್ದರೆ ನಡೆಯುತ್ತಿತ್ತು. ದೊಡ್ಡಣ್ಣ ನನ್ನ ಮುಖ ನೋಡಿ ಒಂದು ಗಳಿಗೆ ಕಾದದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಸುಮ್ಮನಿದ್ದೆ. ಹಿಂದಿನ ಬೀದಿಯವರೊಬ್ಬರು ಇಪ್ಪತ್ತೇಳು ಸಾವಿರಕ್ಕೆ ಕೊಂಡರು. ನನ್ನ ಪಾಲಿಗೆ ಬಂದ ಒಂಬತ್ತು ಸಾವಿರಕ್ಕೆ ಇನ್ನಷ್ಟು ಸೇರಿಸಿ ಪುಸ್ತಕದ ಬೀರು ತಂದೆ. ತೇಗದ್ದೆಂದು ಅಂಗಡಿಯವನು ಹೇಳಿದ.

ಲಿನ್ನೇಯಸನ ಕಥೆಯನ್ನು ನಾನು ಆ ಬೀರುವಿಗೆ ಒರಗಿಯೇ ಓದಿದ್ದು.

“ಹಾಗಾದರೆ ಮಾವಿನಮರ ಎಂದೇ ಹಾಕಲೆ?” ಎಂದು ಮಗಳು ಕೇಳಿದಳು. ಹಾಕು ಎನ್ನಲು ಬಾಯಿ ಬರಲಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇಲ್ಲದ ಹೆಸರು ಇಲ್ಲಿ ಬಂದರೆ ತೊಂದರೆಯಾದೀತು ಎಂದೆ. ಅದು ಸುಳ್ಳೇನೂ ಅಲ್ಲ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಚೌಕದಲ್ಲಿ ನನ್ನ ಹೆಸರನ್ನೇ ಬರೆದಳು. ಯಂತ್ರಕ್ಕೆ ತೃಪ್ತಿಯಾಯಿತು, ಪುಟ ಮುಂದಕ್ಕೆ ಹೋಯಿತು. ನಿಲ್ಸ್ ಲುಂಡಿನ ಬಾಗಿಲಲ್ಲಿ ಬಿಟ್ಟುಹೋದದ್ದನ್ನು ನಾವು ಇಲ್ಲಿ ಎತ್ತಿಕೊಂಡೆವು.

ಇದಾದ ಎರಡು ತಿಂಗಳಿಗೆ ಊರಿನಿಂದ ಒಂದು ಮದುವೆಯ ಕರೆಯೋಲೆ ಬಂತು. ಊರ ಕಡೆಯಿಂದ ಬಂದವರೊಬ್ಬರ ಕೈಯಲ್ಲಿ ಕಳಿಸಿದ್ದರಿಂದ ವಿಳಾಸವಿರಲಿಲ್ಲ. ಅರಿಸಿನ ಹಚ್ಚಿದ ಲಕೋಟೆಯ ಮೇಲೆ, ಬಾಲ್‌ಪೆನ್ನಿನ ದಪ್ಪಕ್ಷರದಲ್ಲಿ, ‘ಮಾವಿನಮರದ ಮೇಷ್ಟರು ಮತ್ತು ಮನೆಯವರಿಗೆ’ ಎಂದು ಮಾತ್ರ ಇತ್ತು. ಮಗಳು ಅದನ್ನು ಎರಡು ಸಲ ಓದಿದಳು.

“ಮರ ಹೋದದ್ದು ಇವರಿಗೆ ಗೊತ್ತಿಲ್ಲವೆ, ಅಪ್ಪ?”

“ಗೊತ್ತಿಲ್ಲದೆ ಏನು! ಕೊಂಡವರು ಇವರೇ” ಎಂದೆ.

ಅವಳು ಲಕೋಟೆಯಿಂದ ಕರೆಯೋಲೆ ತೆಗೆದು ನನ್ನ ಕೈಗೆ ಕೊಟ್ಟಳು. ಲಕೋಟೆಯನ್ನು ತನ್ನ ಅಂಕಪಟ್ಟಿಗಳ ಕಡತದೊಳಗೆ ಇಟ್ಟುಕೊಂಡಳು.